ಪೆಡಲ್ ಮೇಲೆ ಜಾರುವ ಕಾಲು: ಮಳೆಗಾಲದ ಶೂ ಬಗ್ಗೆ ಒಂದು ತಕರಾರು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಮಳೆಗಾಲದ ಸೈಕಲ್ ಸವಾರಿ ಬಗ್ಗೆ ಒಂದು ಪುಟ ಹಾಕಿದ್ದಿರಿ. ಫೋಟೊ ಚೆನ್ನಾಗಿತ್ತು. ರೇನ್‌ಕೋಟು, ಮಡ್‌ಗಾರ್ಡು, ಚೈನಿಗೆ ಎಣ್ಣೆ, ಎಲ್ಲ ಸರಿಯಾಗೇ ಇತ್ತು. ಆದರೆ ಶೂ ಬಗ್ಗೆ ಬರೆದ ಎರಡು ಸಾಲು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಗುಡ್ಡದ ದಾರಿಯಲ್ಲಿ ಸೈಕಲ್ ಓಡಿಸುವವರು ಆಳವಾದ ಗ್ರಿಪ್ ಇರುವ ವಾಟರ್‌ಪ್ರೂಫ್ ಟ್ರೆಕಿಂಗ್ ಶೂ ಕೊಳ್ಳಬೇಕು ಅಂತ ಬರೆದಿದ್ದೀರಿ. ಇದೇ ಸಲಹೆ ಕೇಳಿ ನಾನು ಒಮ್ಮೆ ಐದು ಹೊಲಿಗೆ ಹಾಕಿಸಿಕೊಂಡಿದ್ದೇನೆ. ಅದಕ್ಕೇ ಈ ಪತ್ರ. ಉದ್ದ ಆಗುತ್ತದೆ, ಕತ್ತರಿ ನಿಮ್ಮ ಕೈಯಲ್ಲೇ ಇದೆ, ಆದರೆ ಶೂ ಅಡಿಯ ರಬ್ಬರಿನ ಬಗ್ಗೆ ಬರೆದದ್ದನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಿ.

ನಮ್ಮ ಊರು ಶಿರಸಿ ಹತ್ತಿರ. ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನಬೆಟ್ಟ. ಬೆಟ್ಟದಿಂದ ಸೊಪ್ಪು, ದರಕು (ಒಣ ಎಲೆ) ತರಲು ಹಿಂದಿನವರು ಮಾಡಿಕೊಂಡ ಗಾಡಿದಾರಿಗಳು ಇನ್ನೂ ಇವೆ. ಈಗ ಗಾಡಿ ಇಲ್ಲ, ಟ್ರ್ಯಾಕ್ಟರ್ ಹೋಗುವಷ್ಟು ಅಗಲವೂ ಇಲ್ಲ, ಹಾಗಾಗಿ ಆ ದಾರಿಗಳು ನನ್ನಂಥವನ ಪಾಲಿಗೆ ಬಂದಿವೆ. ಬೆಂಗಳೂರಿನ ಕೆಲಸವನ್ನು ಲ್ಯಾಪ್‌ಟಾಪ್ ಸಮೇತ ಊರಿಗೆ ತಂದ ಮೇಲೆ ಸಂಜೆ ಹೊತ್ತು ಮೌಂಟೆನ್ ಬೈಕ್ ಹೊಡೆಯುವುದು ಒಂದು ಚಟ ಆಗಿದೆ. ಬೇಸಿಗೆಯಲ್ಲಿ ಇದರಲ್ಲಿ ದೊಡ್ಡ ವಿದ್ಯೆ ಏನಿಲ್ಲ. ಆರಿದ್ರಾ ಮಳೆ ಹಿಡಿಯಿತು ನೋಡಿ, ಆಗ ಇಡೀ ದಾರಿ ಬೇರೆಯೇ ಆಗುತ್ತದೆ. ಚಿರೆಕಲ್ಲಿನ ಮೇಲೆ ಪಾಚಿ. ಬೇರಿನ ಮೇಲೆ ಪಾಚಿ. ಹಳ್ಳ ದಾಟುವ ಸಂಕದ ಮರದ ಮೇಲಂತೂ ಕೇಳಲೇಬೇಡಿ.

ನನ್ನ ಸೈಕಲ್ಲಿಗೆ ಇರುವುದು ಫ್ಲ್ಯಾಟ್ ಪೆಡಲ್. ಅಂದರೆ ಮಾಮೂಲಿ ಚಪ್ಪಟೆ ಪೆಡಲ್, ಸುಮ್ಮನೆ ಪಾದ ಇಟ್ಟು ತುಳಿಯುವುದು. ಇನ್ನೊಂದು ಜಾತಿ ಇದೆ, ಶೂ ಅಡಿಗೆ ಕಬ್ಬಿಣದ ಕೊಂಡಿ ಹಾಕಿ ಪೆಡಲಿಗೆ ಟಕ್ ಅಂತ ಸಿಕ್ಕಿಸುವುದು. ಅದಕ್ಕೆ ಕ್ಲಿಪ್‌ಲೆಸ್ ಅನ್ನುತ್ತಾರೆ, ಕ್ಲಿಪ್ ಇರುವುದಕ್ಕೇ ಕ್ಲಿಪ್ ಇಲ್ಲದ್ದು ಅಂತ ಹೆಸರು! ಹಳೇ ಕಾಲದ ಪೆಡಲಿನಲ್ಲಿ ಬೆರಳಿನ ಮುಂದೆ ಪಂಜರದ ಹಾಗೆ ಒಂದು ಕ್ಲಿಪ್ಪು, ಬಿಗಿಯಲು ಪಟ್ಟಿ ಇರುತ್ತಿತ್ತು, ಅದು ಹೋಯಿತು ಅನ್ನುವ ಅರ್ಥದಲ್ಲಿ ಬಂದ ಹೆಸರು ಅದು. ಮಲೆನಾಡಿನ ಮಳೆಯಲ್ಲಿ ನನಗೆ ಅದು ಒಗ್ಗಲಿಲ್ಲ. ಸೈಕಲ್ ಜಾರಿದಾಗ ಕಾಲು ತಕ್ಷಣ ನೆಲಕ್ಕೆ ಬರಬೇಕು. ಕೊಂಡಿಯಲ್ಲಿ ಕೆಸರು ತುಂಬಿದರೆ ಸಿಕ್ಕಿಸಲೂ ಆಗುವುದಿಲ್ಲ, ಬಿಡಿಸಲೂ ಆಗುವುದಿಲ್ಲ. ಚಪ್ಪಟೆ ಪೆಡಲಿನಲ್ಲಿ ಆ ತಾಪತ್ರಯ ಇಲ್ಲ. ಆದರೆ ಅಲ್ಲಿ ಕಾಲನ್ನು ಹಿಡಿದಿಡುವುದು ಎರಡೇ: ಪೆಡಲಿನ ಮೇಲಿನ ಸಣ್ಣ ಕಬ್ಬಿಣದ ಮೊಳೆಗಳು ಮತ್ತು ನಿಮ್ಮ ಶೂ ಅಡಿಯ ರಬ್ಬರು. ಇವೆರಡು ಕಚ್ಚಿಕೊಂಡರೆ ಸವಾರಿ, ಇಲ್ಲದಿದ್ದರೆ ಆಸ್ಪತ್ರೆ.

ನನ್ನ ಕಥೆ ಹೇಳಿಬಿಡುತ್ತೇನೆ. ಮೊದಲ ಮಳೆಗಾಲಕ್ಕೆ ಮುಂಚೆ ಬೆಂಗಳೂರಿನ ಒಂದು ಅಂಗಡಿಗೆ ಹೋಗಿ, ಮಳೆಯಲ್ಲಿ ಸೈಕಲ್ ಹೊಡೆಯಲು ಶೂ ಬೇಕು ಅಂದೆ. ಅಲ್ಲಿದ್ದ ಹುಡುಗ ಒಂದು ಟ್ರೆಕಿಂಗ್ ಬೂಟು ತಂದು ಅದರ ಮೇಲೆ ಲೋಟದಿಂದ ನೀರು ಸುರಿದು ತೋರಿಸಿದ. ನೀರು ಮುತ್ತಿನ ಹಾಗೆ ಉರುಳಿ ಹೋಯಿತು. ತಿರುಗಿಸಿ ಅಡಿ ತೋರಿಸಿದ, ಟ್ರ್ಯಾಕ್ಟರ್ ಟೈರಿನ ಹಾಗೆ ಗಟ್ಟೆಗಟ್ಟೆ ರಬ್ಬರು. ಇನ್ನೇನು ಬೇಕು? ಕೊಂಡೆ. ಆ ಹುಡುಗನ ತಪ್ಪು ಅಂತ ನಾನು ಹೇಳುವುದಿಲ್ಲ, ನಡೆಯಲು ಅದು ಒಳ್ಳೆಯ ಬೂಟೇ, ಈಗಲೂ ಬೆಟ್ಟ ತಿರುಗಲು ಅದನ್ನೇ ಹಾಕುತ್ತೇನೆ. ಆದರೆ ಆ ಜುಲೈನಲ್ಲಿ ಒಂದು ಸಂಜೆ ಬೆಟ್ಟದಿಂದ ಇಳಿಯುತ್ತಿದ್ದಾಗ ಒಂದು ಬೇರಿನ ಮೇಲೆ ಮುಂದಿನ ಚಕ್ರ ಪುಟಿಯಿತು. ಬಲಗಾಲು ಪೆಡಲಿನಿಂದ ಜಾರಿ ಮುಂದೆ ಹೋಯಿತು. ಪೆಡಲ್ ಗಿರಕಿ ಹೊಡೆದು ವಾಪಸ್ ಬಂದು ಮೊಣಕಾಲ ಕೆಳಗಿನ ಎಲುಬಿಗೆ ಬಡಿಯಿತು. ಸೈಕಲ್ ಹೊಡೆಯುವವರಿಗೆ ಈ ನೋವು ಗೊತ್ತು. ಬಾಚಣಿಗೆಯಲ್ಲಿ ಗೀರಿದ ಹಾಗೆ ನಾಲ್ಕು ಸಾಲು, ಅದರಲ್ಲಿ ಒಂದು ಆಳ. ಐದು ಹೊಲಿಗೆ ಬಿತ್ತು. ಹೊಲಿಗೆ ಹಾಕುತ್ತಿದ್ದ ಡಾಕ್ಟರು, ನಾಯಿ ಕಚ್ಚಿತಾ ಅಂತ ಕೇಳಿದರು.

ತಮಾಷೆ ಅಂದರೆ ಶೂ ಒಳಗೆ ಕಾಲು ಆಗಲೂ ಒದ್ದೆಯೇ ಇತ್ತು.

ಆಮೇಲೆ ಇದರ ಬಗ್ಗೆ ತಲೆ ಕೆಡಿಸಿಕೊಂಡೆ. ಆಳವಾದ ಗ್ರಿಪ್ ಯಾಕೆ ಜಾರಿತು? ಕೂತು ನೋಡಿದರೆ ತುಂಬ ಸರಳ. ಟ್ರೆಕಿಂಗ್ ಬೂಟಿನ ಗಟ್ಟೆಗಳು ಮಣ್ಣಿಗೆ ಇಳಿಯಲು ಮಾಡಿದ್ದು. ಮೆತ್ತನೆಯ ನೆಲದಲ್ಲಿ ಅವು ಒಳಗೆ ಹೋಗಿ ಹಿಡಿಯುತ್ತವೆ. ಪೆಡಲ್ ಮೆತ್ತಗಿಲ್ಲವಲ್ಲ, ಅದು ಲೋಹ ಅಥವಾ ಗಟ್ಟಿ ನೈಲಾನ್. ಅಲ್ಲಿ ಒಳಗೆ ಇಳಿಯಬೇಕಾದದ್ದು ಪೆಡಲಿನ ಮೊಳೆ, ಇಳಿಸಿಕೊಳ್ಳಬೇಕಾದದ್ದು ಶೂ. ಗಟ್ಟೆಗಳ ನಡುವೆ ದೊಡ್ಡ ಸಂದು ಇದ್ದರೆ ಮೊಳೆ ಆ ಸಂದಿನಲ್ಲಿ ಸುಮ್ಮನೆ ನಿಲ್ಲುತ್ತದೆ, ಯಾವುದನ್ನೂ ಕಚ್ಚುವುದಿಲ್ಲ. ಪಾದದ ಭಾರವೆಲ್ಲ ಮೂರೋ ನಾಲ್ಕೋ ಗಟ್ಟೆಗಳ ಮೇಲೆ ಕೂರುತ್ತದೆ. ಅದರ ಮೇಲೆ ನೀರಿನ ಪೊರೆ, ಕೆಸರಿನ ಲೇಪ. ಜಾರದೆ ಇನ್ನೇನು ಮಾಡೀತು?

ನಮ್ಮ ತೋಟಕ್ಕೆ ಕೊಳೆಮದ್ದು ಹೊಡೆಯಲು ಬರುವ ಕೊನೆಗೌಡ ಇದನ್ನು ನನಗಿಂತ ಚೆನ್ನಾಗಿ ಹೇಳಿದ. ಮಳೆಗಾಲದಲ್ಲಿ ನೆನೆದ ಅಡಿಕೆ ಮರ ಹತ್ತುವವನು, ಜಾರುವುದು ಅಂದರೆ ಏನು ಅಂತ ಅವನಿಗೆ ಯಾರೂ ಕಲಿಸಬೇಕಿಲ್ಲ. ಕಾಲಿಗೆ ತಳೆ ಅನ್ನುವ ಹಗ್ಗದ ಬಳೆ ಹಾಕಿ ಎರಡೂ ಪಾದ ಮರಕ್ಕೆ ಒತ್ತಿ ಹಿಡಿಯುತ್ತಾನೆ. ನನ್ನ ಬೂಟಿನ ಅಡಿ ನೋಡಿ, "ಇದು ಕೆಸರಿಗೆ ಆತು, ಮರಕ್ಕೆ ಆಗ. ಮರಕ್ಕೆ ಅಂಟಿ ಕೂರಬೇಕು" ಅಂದ. ಅಷ್ಟೇ ವಿಷಯ. ಮಳೆಯಲ್ಲಿ ಪೆಡಲ್ ಮೇಲೆ ಬೇಕಾದದ್ದು ಅಂಟಿ ಕೂರುವ ಅಡಿ. ಚಪ್ಪಟೆಯಾಗಿರಬೇಕು, ಮೆತ್ತಗಿರಬೇಕು, ಮೇಲೆ ಸಣ್ಣ ಚುಕ್ಕಿಯೋ ಆರು ಮೂಲೆಯ ಸಣ್ಣ ಗೂಡೋ ಇದ್ದರೆ ಸಾಕು. ಮೊಳೆ ಎಲ್ಲಿ ಬಂದರೂ ರಬ್ಬರು ಅದರ ಸುತ್ತ ಕುಸಿದು ಹಿಡಿಯಬೇಕು.

ರಬ್ಬರು ಅಂದರೆ ಎಲ್ಲ ಒಂದೇ ಅಲ್ಲ, ಇದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅಗ್ಗದ ಸ್ಪೋರ್ಟ್ಸ್ ಶೂಗಳ ಅಡಿ ಎಷ್ಟೋ ಸಲ ರಬ್ಬರೇ ಆಗಿರುವುದಿಲ್ಲ, ಇವಿಎ ಅನ್ನುವ ಹಗುರ ಫೋಮು. ಒಣಗಿದ್ದಾಗ ಪರವಾಗಿಲ್ಲ. ಒದ್ದೆಯಾದರೆ ಸೋಪು. ಗಂಬೂಟಿನದು ಪಿವಿಸಿ, ಅದಂತೂ ಪೆಡಲ್ ಮೇಲೆ ಬಾಳೆಹಣ್ಣಿನ ಸಿಪ್ಪೆ. ನಿಜವಾದ ಮೆತ್ತನೆ ರಬ್ಬರಿನಲ್ಲೂ ಎರಡು ಗುಣ ನೋಡಬೇಕು. ಒಂದು, ಎಷ್ಟು ಮೆತ್ತಗಿದೆ. ಇನ್ನೊಂದು, ಒತ್ತಿ ಬಿಟ್ಟರೆ ಎಷ್ಟು ನಿಧಾನಕ್ಕೆ ವಾಪಸ್ ಬರುತ್ತದೆ. ಈ ಎರಡನೆಯದನ್ನು ಜನ ಮರೆಯುತ್ತಾರೆ. ಪುಟಿಯುವ ಚೆಂಡಿನ ರಬ್ಬರೂ ಮೆತ್ತಗೇ ಇರಬಹುದು, ಆದರೆ ಅದು ಕಲ್ಲಿನ ಏಟು ಬಿದ್ದ ಕೂಡಲೇ ಪಾದವನ್ನು ಪೆಡಲಿನಿಂದ ಎತ್ತಿ ಎಸೆಯುತ್ತದೆ. ನಿಧಾನದ ರಬ್ಬರು ಏಟನ್ನು ನುಂಗಿಕೊಂಡು ಅಲ್ಲೇ ಕೂರುತ್ತದೆ.

ಈ ನಿಧಾನದ ರಬ್ಬರಿನ ಕಥೆ ಬಂಡೆ ಹತ್ತುವವರಿಂದ ಶುರುವಾದದ್ದು. 1985ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಕೋಲ್ ಅನ್ನುವವರು ಫೈವ್ ಟೆನ್ ಅಂತ ಒಂದು ಕಂಪನಿ ಮಾಡಿದರು. ಬಂಡೆ ಹತ್ತುವುದು ಎಷ್ಟು ಕಷ್ಟ ಅಂತ ಅಳೆಯಲು ಅಮೆರಿಕದವರು ಕೊಡುವ ಅಂಕಿಗಳಲ್ಲಿ 5.10 ಅಂತ ಒಂದು ಇದೆ, ಅದೇ ಹೆಸರಾಯಿತು. ಸ್ಟೆಲ್ತ್ ಅನ್ನುವ ಅವರ ರಬ್ಬರು ಮೊದಲು ಬಂಡೆ ಹತ್ತುವವರ ಕಾಲಿಗೆ ಬಂತು, ಆಮೇಲೆ ಬೆಟ್ಟದ ಸೈಕಲ್ಲಿನವರ ಕಾಲಿಗೆ. 2011ರಲ್ಲಿ ಅಡಿಡಾಸ್ ಆ ಕಂಪನಿಯನ್ನು ಕೊಂಡಿತು. ಈಗ ಬೇರೆಯವರೂ ಇಂಥ ರಬ್ಬರು ಮಾಡುತ್ತಾರೆ. ಸ್ಪೆಷಲೈಸ್ಡ್ ಅನ್ನುವ ಸೈಕಲ್ ಕಂಪನಿಯವರದ್ದು ಸ್ಲಿಪ್‌ನಾಟ್ ಅಂತಿದೆ, ವೈಬ್ರಮ್‌ನವರು ಬೇರೆ ಬೇರೆ ಕಂಪನಿಗಳ ಶೂಗೆ ಅಡಿ ಮಾಡಿಕೊಡುತ್ತಾರೆ. ಆದರೆ ವೈಬ್ರಮ್ ಅಂತ ಬರೆದಿದ್ದರೆ ಸಾಕು ಅಂದುಕೊಳ್ಳಬೇಡಿ. ಅವರು ಬೆಟ್ಟ ಹತ್ತಲು ಗಟ್ಟಿ ರಬ್ಬರೂ ಮಾಡುತ್ತಾರೆ, ಸೈಕಲ್ಲಿಗೆ ಮೆತ್ತನೆಯದ್ದೂ ಮಾಡುತ್ತಾರೆ. ನನ್ನ ಆ ಟ್ರೆಕಿಂಗ್ ಬೂಟಿನ ಅಡಿಯಲ್ಲೂ ವೈಬ್ರಮ್‌ನ ಹಳದಿ ಗುರುತು ಇತ್ತು!

ಮಳೆಯಲ್ಲಿ ಚಪ್ಪಟೆ ಪೆಡಲ್ ಕೆಲಸಕ್ಕೆ ಬರುವುದಿಲ್ಲ ಅನ್ನುವವರಿಗೆ ಸ್ಯಾಮ್ ಹಿಲ್ ಹೆಸರು ಹೇಳಿ. ಆಸ್ಟ್ರೇಲಿಯಾದವನು. 2007ರಲ್ಲಿ ಸ್ವಿಟ್ಜರ್ಲೆಂಡಿನ ಶಾಂಪೆರಿಯಲ್ಲಿ ವಿಶ್ವಕಪ್ ಡೌನ್‌ಹಿಲ್, ಅಂದರೆ ಸೈಕಲ್ಲಿನಲ್ಲಿ ಬೆಟ್ಟ ಇಳಿಯುವ ರೇಸು, ನಡೆದಾಗ ಧೋ ಅಂತ ಮಳೆ. ಗೋಡೆಯಂಥ ಇಳಿಜಾರು, ಮೇಲೆ ಗಂಜಿಯಂಥ ಕೆಸರು. ಅದರಲ್ಲಿ ಚಪ್ಪಟೆ ಪೆಡಲ್ ಹಾಕಿಕೊಂಡೇ ಇಳಿದು ಮೂರನೆಯವನಾದ. ಗೆದ್ದವನ ಹೆಸರು ಮರೆತವರಿಗೂ ಆ ಮೂರನೇ ಸ್ಥಾನ ನೆನಪಿದೆ. ಆಮೇಲೆ 2017, 2018, 2019 ಮೂರೂ ವರ್ಷ ಎಂಡ್ಯೂರೊ ವರ್ಲ್ಡ್ ಸೀರೀಸ್ ಅನ್ನುವ ಬೆಟ್ಟದ ಸೈಕಲ್ ರೇಸುಗಳ ಸರಣಿ ಗೆದ್ದದ್ದೂ ಚಪ್ಪಟೆ ಪೆಡಲಿನಲ್ಲೇ. ನಾವು ಅವನಲ್ಲ, ಸರಿ. ಆದರೆ ಜಾರಿದಾಗ ಪೆಡಲ್ ಜಾತಿಯನ್ನು ಬೈಯುವ ಮುಂಚೆ ಶೂ ಅಡಿಯನ್ನು ಒಮ್ಮೆ ನೋಡಿಕೊಳ್ಳಬಹುದು ಅಲ್ವಾ?

ಅಂಗಡಿಯಲ್ಲಿ ಹೇಗೆ ಪರೀಕ್ಷೆ ಮಾಡುವುದು ಅಂತ ಕೇಳಿದರೆ, ನಾನು ಮಾಡಿದ್ದನ್ನೇ ಹೇಳುತ್ತೇನೆ, ನಗಬೇಡಿ. ಎರಡನೇ ಸಲ ಶೂ ಕೊಳ್ಳಲು ಹೋದಾಗ ಒಂದು ಪೆಡಲ್ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋದೆ. ಶೂ ಒಳಗೆ ಕೈ ಹಾಕಿ, ಪೆಡಲ್ ಮೇಲೆ ಜೋರಾಗಿ ಒತ್ತಿ, ಮುಂದಕ್ಕೆ ತಳ್ಳಿ ನೋಡುವುದು. ಆಮೇಲೆ ಒದ್ದೆ ಬಟ್ಟೆಯಲ್ಲಿ ಅಡಿ ಒರೆಸಿ ಮತ್ತೊಮ್ಮೆ. ಅಂಗಡಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೆ ಎಂಟು ಜೊತೆಯಲ್ಲಿ ಆರು ಅಲ್ಲೇ ಫೇಲಾದವು. ಪೆಡಲ್ ಒಯ್ಯಲು ನಾಚಿಕೆ ಆದರೆ ಹೆಬ್ಬೆರಳಿನ ಉಗುರು ಸಾಕು. ಶೂ ಅಡಿಗೆ ಉಗುರು ಒತ್ತಿ ತೆಗೆಯಿರಿ. ಗೆರೆ ಬೀಳಬೇಕು, ಬಿದ್ದ ಗೆರೆ ನಿಧಾನಕ್ಕೆ ಮಾಯವಾಗಬೇಕು. ಗೆರೆಯೇ ಬೀಳದಿದ್ದರೆ ಅದು ಗಟ್ಟಿ, ಬಿಟ್ಟುಬಿಡಿ. ಬಿದ್ದ ಗೆರೆ ಹೋಗಲೇ ಇಲ್ಲ ಅಂದರೆ ಅದು ಫೋಮು, ಅದನ್ನೂ ಬಿಡಿ.

ಆಮೇಲೆ ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳು ಇರುವ ಕಡೆ ಬಗ್ಗಿದರೆ ಸರಿ, ನಡೆಯಬೇಕಲ್ಲ. ಆದರೆ ನಡುವೆ, ಪಾದದ ಕಮಾನು ಇರುವ ಕಡೆ ಬಗ್ಗಬಾರದು. ಅಲ್ಲಿ ಬಗ್ಗಿದರೆ ಪೆಡಲ್ ಅಂಚು ಪಾದದೊಳಗೆ ಊರುತ್ತದೆ, ಒಂದು ಗಂಟೆಯೊಳಗೆ ಪಾದ ಜೋಮು ಹಿಡಿಯುತ್ತದೆ. ಓಡುವವರ ಶೂ ಇದೇ ಕಾರಣಕ್ಕೆ ಬೇಡ. ಅವು ಬಾಳೆಲೆಯ ಹಾಗೆ ಬಗ್ಗುತ್ತವೆ.

ಈಗ ನಿಮ್ಮ ಪುರವಣಿಯ ಮುಖ್ಯ ಮಾತಿಗೆ ಬರುತ್ತೇನೆ, ವಾಟರ್‌ಪ್ರೂಫ್. ನಮ್ಮ ಮಳೆಗೆ ಇದರಷ್ಟು ಮೋಸದ ಪದ ಇನ್ನೊಂದಿಲ್ಲ. ಗೋರ್‌ಟೆಕ್ಸ್ ಥರದ ಪೊರೆ ಹಾಕಿದ ಶೂ ಬಟ್ಟೆಯ ಮೂಲಕ ನೀರು ಬಿಡುವುದಿಲ್ಲ, ಅದು ನಿಜ. ಆದರೆ ಶೂಗೆ ಮೇಲೆ ಒಂದು ದೊಡ್ಡ ತೂತಿದೆ, ಕಾಲು ಹಾಕುವ ತೂತು! ಜಡಿಮಳೆಯಲ್ಲಿ ಕಾಲಿನ ಮೇಲೆ ಸುರಿದ ನೀರೆಲ್ಲ ಕಾಲುಚೀಲದ ಗುಂಟ ಇಳಿದು ಒಳಗೇ ಸೇರುತ್ತದೆ. ಒಂದು ಹಳ್ಳ ದಾಟಿದರೆ ಮುಗಿಯಿತು. ಒಳಗೆ ಬಂದ ನೀರಿಗೆ ಹೊರಗೆ ಹೋಗಲು ಅದೇ ಪೊರೆ ಅಡ್ಡ. ಆಮೇಲೆ ಸವಾರಿ ಮುಗಿಯುವ ತನಕ ಎರಡು ಚೊಂಬು ನೀರು ಕಾಲಿಗೆ ಕಟ್ಟಿಕೊಂಡ ಹಾಗೆ. ತುಳಿದಾಗಲೆಲ್ಲ ಪಚಕ್ ಪಚಕ್. ಪಾದ ಶೂ ಒಳಗೇ ಜಾರುತ್ತದೆ, ಆಗ ಅಡಿಯ ರಬ್ಬರು ಪೆಡಲನ್ನು ಎಷ್ಟು ಹಿಡಿದರೇನು?

ಇದಕ್ಕೆ ನನ್ನ ತಮ್ಮ ತಕರಾರು ಮಾಡುತ್ತಾನೆ. ಅವನಿರುವುದು ಇಂಗ್ಲೆಂಡಿನಲ್ಲಿ, ವೇಲ್ಸ್ ಗಡಿ ಹತ್ತಿರ. ರಜೆ ಸಿಕ್ಕರೆ ವೇಲ್ಸ್‌ನ ಬೆಟ್ಟಗಳಲ್ಲಿ ಸೈಕಲ್ ಹೊಡೆಯುತ್ತಾನೆ. ಅವನ ಕಪಾಟಿನಲ್ಲಿ ವಾಟರ್‌ಪ್ರೂಫ್ ಶೂ ಇದೆ, ನಿಯೋಪ್ರೀನ್ ಕಾಲುಚೀಲ ಇದೆ. ಅವನ ಮಟ್ಟಿಗೆ ಅದು ಸರಿ. ಅಲ್ಲಿ ಚಳಿಗಾಲದಲ್ಲಿ ಐದು ಡಿಗ್ರಿ, ಮಳೆ ಅಂದರೆ ಗಂಟೆಗಟ್ಟಲೆ ಜಿನುಗು, ಒದ್ದೆಯಾದ ಕಾಲು ಅರ್ಧ ಗಂಟೆಯಲ್ಲಿ ಮರಗಟ್ಟುತ್ತದೆ. ಚಳಿಗೆ ರಬ್ಬರೂ ಗಟ್ಟಿಯಾಗುತ್ತದೆ, ಹಾಗಾಗಿ ಅವನು ಇನ್ನೂ ಮೆತ್ತನೆಯದನ್ನು ಹುಡುಕುತ್ತಾನೆ. ನಮ್ಮಲ್ಲಿ ಆಷಾಢದಲ್ಲೂ ಇಪ್ಪತ್ತು ಡಿಗ್ರಿ ಮೇಲೆಯೇ. ಒದ್ದೆ ಕಾಲು ಇಲ್ಲಿ ಅಪಾಯ ಅಲ್ಲ, ಬರೀ ಕಿರಿಕಿರಿ. ಚಳಿ ದೇಶದವರು ತಮಗಾಗಿ ಬರೆದ ಸಲಹೆಯನ್ನು ಹಾಗೇ ಎತ್ತಿ ನಮ್ಮ ಕಡೆ ಹಾಕಿದರೆ ಹೀಗೇ ಆಗುವುದು. ನಿಮ್ಮ ಪುಟಕ್ಕೂ ಹಾಗೇ ಆಗಿರಬೇಕು ಅಂತ ನನ್ನ ಗುಮಾನಿ.

ಹಾಗಾದರೆ ಮೇಲ್ಭಾಗ ಹೇಗಿರಬೇಕು? ನೀರು ಬರುತ್ತದೆ ಅಂತ ಒಪ್ಪಿಕೊಂಡು ಬಿಡಿ. ಬಂದದ್ದು ಹೋಗಬೇಕು, ಶೂ ನೀರು ಕುಡಿಯಬಾರದು, ಬೇಗ ಒಣಗಬೇಕು. ಸ್ಯೂಡ್ ಚರ್ಮ, ದಪ್ಪ ಕ್ಯಾನ್ವಾಸು, ಒಳಗೆ ದಪ್ಪ ಸ್ಪಂಜಿನ ಮೆತ್ತೆ, ಇವು ನೋಡಲು ಚೆಂದ, ಮಳೆಯಲ್ಲಿ ಕಲ್ಲಿನ ಭಾರ. ಫೈವ್ ಟೆನ್‌ನವರದ್ದೇ ಹಳೇ ಇಂಪ್ಯಾಕ್ಟ್ ಅನ್ನುವ ಶೂ ಅಡಿಯಲ್ಲಿ ಬಂಗಾರ, ಆದರೆ ಒದ್ದೆಯಾದರೆ ಎಮ್ಮೆ. ಅವರದ್ದೇ ಟ್ರೈಲ್‌ಕ್ರಾಸ್ ಅನ್ನುವುದು ಜಾಲರಿ ಬಟ್ಟೆಯದು, ನೀರು ಸರಕ್ಕನೆ ಹೋಗುತ್ತದೆ. ಬೆರಳ ಮುಂದೆ ಗಟ್ಟಿ ಕವಚ ಇರಬೇಕು, ಯಾಕೆಂದರೆ ಮಳೆಗಾಲದಲ್ಲಿ ಹುಲ್ಲೊಳಗೆ ಕಲ್ಲು ಎಲ್ಲಿದೆ ಅಂತ ಕಾಣುವುದಿಲ್ಲ. ಮುಂತುದಿ ಮತ್ತು ಹಿಮ್ಮಡಿ ಕಡೆ ಮಾತ್ರ ಸ್ವಲ್ಪ ಗಟ್ಟೆ ಇದ್ದರೆ ಒಳ್ಳೆಯದು. ಏರಿನಲ್ಲಿ ಸೈಕಲ್ ತಳ್ಳಿಕೊಂಡು ಹೋಗುವುದೇ ಅರ್ಧ ಸವಾರಿ ನಮ್ಮಂಥವರಿಗೆ, ಆಗ ಪೂರ್ತಿ ಚಪ್ಪಟೆ ಅಡಿ ಕೆಸರಲ್ಲಿ ಸ್ಕೇಟಿಂಗ್ ಆಡಿಸುತ್ತದೆ. ಪೆಡಲ್ ಮೇಲೆ ಕೂರುವ ನಡುಭಾಗ ಚಪ್ಪಟೆ ಇದ್ದರೆ ಸಾಕು. ಲೇಸಿನ ತುದಿ ಸಿಕ್ಕಿಸಲು ಒಂದು ಇಲಾಸ್ಟಿಕ್ ಇದೆಯಾ ನೋಡಿ, ಇಲ್ಲದಿದ್ದರೆ ಒದ್ದೆ ಲೇಸು ಬಿಚ್ಚಿಕೊಂಡು ಚೈನಿಗೆ ಹೋಗುತ್ತದೆ. ಹೋದ ಮೇಲೆ ಏನಾಗುತ್ತದೆ ಅಂತ ಬರೆಯುವುದಿಲ್ಲ.

ಇನ್ನು ದುಡ್ಡಿನ ಮಾತು. ಒಳ್ಳೆಯ ಬ್ರ್ಯಾಂಡಿನ ಶೂ ಹತ್ತು ಸಾವಿರದ ಆಸುಪಾಸು, ಕೆಲವು ಅದಕ್ಕೂ ಜಾಸ್ತಿ. ಸೈಕಲ್ಲೇ ಹದಿನೈದು ಸಾವಿರದ್ದು ಅನ್ನುವ ಹುಡುಗನಿಗೆ ನಾನು ಇದನ್ನು ಕೊಳ್ಳು ಅಂತ ಹೇಳಲಾರೆ. ಅವನಿಗೆ ಹೇಳುವುದು ಇಷ್ಟು: ಮೊದಲು ಪೆಡಲ್ ಬದಲಿಸು. ಸೈಕಲ್ ಜೊತೆ ಬರುವ ಪ್ಲಾಸ್ಟಿಕ್ ಪೆಡಲಿಗೆ ಮೊಳೆ ಇರುವುದಿಲ್ಲ, ಅಚ್ಚಿನಲ್ಲೇ ಬಂದ ಮೊಂಡು ಹಲ್ಲು ಇರುತ್ತದೆ. ಅದು ಒದ್ದೆಯಾದರೆ ಐದು ಸಾವಿರದ ಶೂ ಹಾಕಿದರೂ ಅಷ್ಟೇ, ಐವತ್ತು ಸಾವಿರದ್ದು ಹಾಕಿದರೂ ಅಷ್ಟೇ. ನೈಲಾನ್ ಮೈ, ಬಿಚ್ಚಿ ಹಾಕಬಹುದಾದ ಉಕ್ಕಿನ ಮೊಳೆ ಇರುವ ಪೆಡಲ್ ನನಗೆ ಎರಡು ಸಾವಿರದೊಳಗೆ ಸಿಕ್ಕಿತು. ಮೊಳೆ ನಾಲ್ಕೈದು ಮಿಲಿಮೀಟರ್ ಎದ್ದಿರಲಿ, ನಡುವಿನವು ಸ್ವಲ್ಪ ತಗ್ಗಿರಲಿ, ಹಿಂದೆ ಮುಂದೆ ಎತ್ತರ ಇರಲಿ. ಆಗ ಪಾದ ಬಟ್ಟಲಲ್ಲಿ ಕೂತ ಹಾಗೆ ಕೂರುತ್ತದೆ. ಹಳೇ ಪೆಡಲ್ ಬಿಚ್ಚುವಾಗ ಎಡಗಡೆಯದಕ್ಕೆ ಉಲ್ಟಾ ಮರೆ (ಥ್ರೆಡ್ಡು) ಅನ್ನುವುದನ್ನು ಮರೆಯಬೇಡಿ, ಗಡಿಯಾರದ ಮುಳ್ಳು ತಿರುಗುವ ಕಡೆ ತಿರುಗಿಸಿದರೆ ಅದು ಸಡಿಲ ಆಗುತ್ತದೆ. ನಾನು ಒಂದು ಮಧ್ಯಾಹ್ನ ಪೂರ್ತಿ ಅದನ್ನು ಬಿಗಿ ಮಾಡಿದ್ದೆ. ಹೊಸದನ್ನು ಹಾಕುವಾಗ ಮರೆಗೆ ಗ್ರೀಸ್ ಹಚ್ಚಿ, ಇಲ್ಲದಿದ್ದರೆ ನಮ್ಮ ಮಳೆಗೆ ತುಕ್ಕು ಹಿಡಿದು ಮುಂದಿನ ವರ್ಷ ಜಪ್ಪಯ್ಯ ಅಂದರೂ ಬರುವುದಿಲ್ಲ.

ಪೆಡಲ್ ಸರಿಯಾದ ಮೇಲೆ ಶೂ ವಿಷಯದಲ್ಲಿ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಬಹುದು. ಸ್ಕೇಟ್‌ಬೋರ್ಡ್ ಆಡುವವರ ಶೂ, ಕಂದು ಗಮ್ ರಬ್ಬರಿನ ಬ್ಯಾಡ್ಮಿಂಟನ್ ಶೂ, ಇವುಗಳ ಅಡಿ ಚಪ್ಪಟೆ, ರಬ್ಬರೂ ನಿಜದ್ದು. ನಾನೇ ಒಂದು ಮಳೆಗಾಲ ಬ್ಯಾಡ್ಮಿಂಟನ್ ಶೂನಲ್ಲಿ ಕಳೆದೆ. ಪೆಡಲ್ ಚೆನ್ನಾಗಿ ಹಿಡಿಯಿತು. ನಡು ಬಗ್ಗುತ್ತಿತ್ತು, ಎರಡು ಗಂಟೆ ಮೀರಿದರೆ ಪಾದ ನೋಯುತ್ತಿತ್ತು, ನವರಾತ್ರಿ ಹೊತ್ತಿಗೆ ಮೊಳೆಗಳು ಅಡಿಯನ್ನು ಇಲಿ ಕಡಿದ ಹಾಗೆ ಮಾಡಿದ್ದವು. ಅಷ್ಟು ದುಡ್ಡಿಗೆ ಅಷ್ಟು. ಶಾಲೆಯ ಬಿಳಿ ಪಿಟಿ ಶೂ ಕೂಡ ಆ ನಿಮ್ಮ ಟ್ರೆಕಿಂಗ್ ಬೂಟಿಗಿಂತ ಪೆಡಲನ್ನು ಚೆನ್ನಾಗಿ ಹಿಡಿಯುತ್ತದೆ, ಬೇಕಾದರೆ ನಿಮ್ಮ ಕಚೇರಿ ಅಂಗಳದಲ್ಲೇ ತೋರಿಸುತ್ತೇನೆ. ಕಲ್ಲಿಗೆ ಬಡಿದರೆ ಬೆರಳು ಉಳಿಯುವುದಿಲ್ಲ, ಅದು ಬೇರೆ ಮಾತು.

ಎಷ್ಟು ಒಳ್ಳೆಯ ಶೂ ಇದ್ದರೂ ಕಾಲು ಇಡುವ ರೀತಿ ತಪ್ಪಿದ್ದರೆ ಜಾರುತ್ತದೆ. ಇಳಿಜಾರಿನಲ್ಲಿ ಹಿಮ್ಮಡಿ ಕೆಳಗೆ ಬಿಡಿ. ಬೆರಳು ಕೆಳಗೆ ಮಾಡಿ ತುಳಿದರೆ ಪ್ರತಿ ಏಟಿಗೂ ಕಾಲು ಮುಂದಕ್ಕೆ ಜಾರುತ್ತದೆ, ಹಿಮ್ಮಡಿ ಕೆಳಗಿದ್ದರೆ ಅದೇ ಏಟು ಪಾದವನ್ನು ಪೆಡಲಿಗೆ ಇನ್ನೂ ಒತ್ತುತ್ತದೆ. ನಾನು ಬಿದ್ದ ದಿನ ಬೆರಳ ತುದಿಯಲ್ಲಿ ನಿಂತಿದ್ದೆ, ಹಾಗಾಗಿ ಎಲ್ಲ ತಪ್ಪನ್ನೂ ಬೂಟಿನ ಮೇಲೆ ಹಾಕುವುದು ನ್ಯಾಯ ಅಲ್ಲ. ಮೊಣಕಾಲ ಕೆಳಗೆ ಫುಟ್‌ಬಾಲಿನವರ ಪ್ಯಾಡ್ ಕಟ್ಟಿಕೊಳ್ಳಿ, ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಹೊಲಿಗೆಗಿಂತ ಅಗ್ಗ.

ಕಾಲುಚೀಲ ಹತ್ತಿಯದ್ದು ಬೇಡ. ನೀರು ಹಿಡಿದು ಸುಕ್ಕಾಗಿ ಬೊಬ್ಬೆ ತರುತ್ತದೆ. ತೆಳು ಉಣ್ಣೆಯದ್ದು ಒದ್ದೆಯಾದರೂ ಬೆಚ್ಚಗಿರುತ್ತದೆ, ಇಲ್ಲದಿದ್ದರೆ ಮಾಮೂಲಿ ನೈಲಾನ್ ಪರವಾಗಿಲ್ಲ. ಉದ್ದದ್ದು ಹಾಕಿ, ಉಂಬಳ (ಜಿಗಣೆ) ಸ್ವಲ್ಪ ಕಡಿಮೆ ಹತ್ತುತ್ತವೆ. ಸ್ವಲ್ಪ ಅಂದೆ. ಜಾಲರಿ ಶೂಗೆ ಉಂಬಳ ನುಗ್ಗುವುದಿಲ್ಲವೇ ಅಂತ ಕೇಳುತ್ತೀರಿ, ನುಗ್ಗುತ್ತವೆ, ವಾಟರ್‌ಪ್ರೂಫ್ ಶೂಗೂ ನುಗ್ಗುತ್ತವೆ, ಅವಕ್ಕೂ ಮೇಲಿನ ತೂತು ಗೊತ್ತು. ಮನೆಗೆ ಬಂದ ಮೇಲೆ ಬೆರಳ ಸಂದು ಒರೆಸಿ ಒಣಗಿಸಿ ಕೊಬ್ಬರಿ ಎಣ್ಣೆ ಹಚ್ಚಿ, ಇಲ್ಲವಾದರೆ ಕೆಸರುಹುಣ್ಣು ಗ್ಯಾರಂಟಿ. ಗದ್ದೆ ನಾಟಿಯ ದಿನಗಳಲ್ಲಿ ಅಜ್ಜಿ ಪಾದಕ್ಕೆ ಮದರಂಗಿ ಹಚ್ಚಿಕೊಳ್ಳುತ್ತಿದ್ದಳು, ಅಲಂಕಾರಕ್ಕಲ್ಲ, ಇದೇ ಕೆಸರುಹುಣ್ಣಿಗೆ. ನಾನೂ ಒಂದು ವರ್ಷ ಹಚ್ಚಿಕೊಂಡೆ. ವಿಡಿಯೊ ಮೀಟಿಂಗಿನಲ್ಲಿ ಪಾದ ಕಾಣುವುದಿಲ್ಲವಲ್ಲ.

ಕೊನೆಗೆ ಶೂ ಒಣಗಿಸುವುದು, ಮಲೆನಾಡಿನಲ್ಲಿ ಇದೇ ದೊಡ್ಡ ಕೆಲಸ. ಪುಷ್ಯ, ಆಶ್ಲೇಷ ಮಳೆಯ ಹದಿನೈದು ಇಪ್ಪತ್ತು ದಿನ ಬಿಸಿಲೇ ಇರುವುದಿಲ್ಲ. ಬಚ್ಚಲ ಒಲೆ ಮೇಲೆ ಬಟ್ಟೆ ಒಣಗಿಸುವ ರೂಢಿ ನಮಗೆ, ಹಾಗೇ ಶೂವನ್ನೂ ಇಟ್ಟರೆ ಒಂದೇ ರಾತ್ರಿಗೆ ಅಂಟು ಬಿಟ್ಟು ಅಡಿ ಬಾಯಿ ತೆರೆಯುತ್ತದೆ. ನನ್ನ ಒಂದು ಜೊತೆ ಹೀಗೇ ಮೊಸಳೆ ಆಯಿತು. ಮೊದಲು ಕೆಸರು ತೊಳೆಯಿರಿ, ಒಳಗಿನ ಮೆತ್ತೆ ತೆಗೆದು ಬೇರೆ ಇಡಿ, ಶೂ ಒಳಗೆ ಹಳೇ ಪತ್ರಿಕೆ ತುರುಕಿ, ಫ್ಯಾನ್ ಕೆಳಗೆ ಮಗುಚಿ ಇಡಿ. ಎರಡು ಗಂಟೆಗೊಮ್ಮೆ ಕಾಗದ ಬದಲಿಸಿ. ಒಂದು ಜೊತೆಗೆ ಸುಮಾರು ಎರಡು ದಿನದ ಪತ್ರಿಕೆ ಹಿಡಿಯುತ್ತದೆ. ಶಾಯಿ ಸ್ವಲ್ಪ ಅಂಟುತ್ತದೆ, ಒಂದು ಸಲ ನನ್ನ ಎಡಗಾಲಿನ ಶೂ ಒಳಗೆ ಅರ್ಧ ರಾಶಿಭವಿಷ್ಯ ಅಚ್ಚಾಗಿತ್ತು.

ಸಂಪಾದಕರೇ, ಇದಕ್ಕೆ ನಿಮ್ಮ ಪತ್ರಿಕೆಯ ಕಾಗದ ಬಹಳ ಒಳ್ಳೆಯದು, ಚೆನ್ನಾಗಿ ನೀರು ಹೀರುತ್ತದೆ. ಆ ಭಾನುವಾರದ ಬಣ್ಣದ ಪುರವಣಿ ಮಾತ್ರ ಬೇಡ. ನುಣುಪು ಕಾಗದ, ಒಂದು ಹನಿಯನ್ನೂ ಹೀರುವುದಿಲ್ಲ. ಅದು ಪೂರ್ತಿ ವಾಟರ್‌ಪ್ರೂಫ್.

ಇಂತಿ,
ಶಿರಸಿ ಕಡೆಯ ಒಬ್ಬ ಓದುಗ